ವಿಯೆಟ್ನಾಂಗೆ ಹೊರಟವರಿಗೆ: ಡಾಂಗ್ ಲೆಕ್ಕ, ಡಾಲರ್ ಬದಲಾವಣೆ, ದಿನದ ಖರ್ಚು

ಹನೋಯಿಯ ಹಳೇ ಪೇಟೆಯಲ್ಲಿ ಎಳನೀರು ಕುಡಿದು ನಮ್ಮಮ್ಮ ಒಂದು ನೀಲಿ ನೋಟು ಕೊಟ್ಟರು. ಮಾರುತ್ತಿದ್ದ ಹೆಂಗಸು ನೋಟು ನೋಡಿದರು, ಅಮ್ಮನ ಮುಖ ನೋಡಿದರು. ನೋಟನ್ನು ಅಮ್ಮನ ಕೈಗೇ ವಾಪಸು ಇಟ್ಟು, ಪರ್ಸಿನಲ್ಲಿ ಇಣುಕುತ್ತಿದ್ದ ಇನ್ನೊಂದು ನೀಲಿ ನೋಟನ್ನು ಬೆರಳಿನಿಂದ ತೋರಿಸಿದರು. ಅಮ್ಮ ಕೊಟ್ಟಿದ್ದು 5,00,000 ಡಾಂಗ್, ಕೊಡಬೇಕಿದ್ದದ್ದು 20,000. ನಮ್ಮ ದುಡ್ಡಿನಲ್ಲಿ ಹೇಳಿದರೆ 70 ರೂಪಾಯಿಯ ಜಾಗದಲ್ಲಿ 1,700 ರೂಪಾಯಿ. ಆ ಹೆಂಗಸಿನ ಪ್ರಾಮಾಣಿಕತೆಯನ್ನು ನಾವು ಇವತ್ತಿಗೂ ನೆನೆಯುತ್ತೇವೆ.

ವಿಯೆಟ್ನಾಂ ನಿಜಕ್ಕೂ ಅಗ್ಗದ ದೇಶ. ಊಟ, ತಿಂಡಿ, ಬಸ್ಸು, ರೂಮು ಯಾವುದೂ ನಮ್ಮ ಮಧ್ಯಮ ವರ್ಗದ ಜೇಬಿಗೆ ಭಾರವಲ್ಲ. ಹೋಗಿ ಬಂದ ನೆಂಟರಿಷ್ಟರ ಲೆಕ್ಕ ಕೂಡಿಸಿ ನೋಡಿದಾಗ ನನಗೆ ಕಂಡದ್ದು ಒಂದೇ: ದುಡ್ಡು ಸೋರುವುದು ತಿನ್ನುವ ಕಡೆಯಲ್ಲ, ಬದಲಾಯಿಸುವ ಕಡೆ ಮತ್ತು ಸೊನ್ನೆ ಎಣಿಸುವ ಕಡೆ. ಅದಕ್ಕೇ ಈ ಲೇಖನದಲ್ಲಿ ಆ ಎರಡಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹೆಜ್ಜೆ 1: ಸೊನ್ನೆಗಳನ್ನು ಮನೆಯಲ್ಲೇ ಪಳಗಿಸಿಕೊಳ್ಳಿ

ಈ ಬರಹದ ಲೆಕ್ಕಕ್ಕೆಲ್ಲ ನಾನು ಹಿಡಿದಿರುವ ದರ ಇದು: 1 ಡಾಲರಿಗೆ 26,000 ಡಾಂಗ್, 1 ಡಾಲರಿಗೆ 88 ರೂಪಾಯಿ. ಅಂದರೆ 1 ರೂಪಾಯಿಗೆ ಸುಮಾರು 295 ಡಾಂಗ್. ನೀವು ಹೊರಡುವ ವಾರ ಎರಡನ್ನೂ ಮೊಬೈಲಿನಲ್ಲಿ ನೋಡಿಕೊಳ್ಳಿ. ವಿಯೆಟ್ನಾಂನ ಸ್ಟೇಟ್ ಬ್ಯಾಂಕ್ (ನಮ್ಮ ರಿಸರ್ವ್ ಬ್ಯಾಂಕಿನಂಥದ್ದು) ದಿನವೂ ಡಾಲರಿಗೊಂದು ಮಧ್ಯ ದರ ಪ್ರಕಟಿಸುತ್ತದೆ, ವ್ಯಾಪಾರ ಅದರ ಮೇಲೆ ಕೆಳಗೆ ಗೊತ್ತಾದ ಮಿತಿಯೊಳಗೇ ನಡೆಯಬೇಕು. ಆದ್ದರಿಂದ ಡಾಂಗ್ ಒಂದೇ ವಾರದಲ್ಲಿ ಎದ್ದುಬಿದ್ದು ಹೊಯ್ದಾಡುವುದು ಕಡಿಮೆ. ನಮ್ಮ ರೂಪಾಯಿಯ ಏರಿಳಿತವೇ ನಿಮ್ಮ ಬಜೆಟ್ಟನ್ನು ಹೆಚ್ಚು ಕದಲಿಸುತ್ತದೆ.

ಬಾಯಿಲೆಕ್ಕಕ್ಕೆ 300 ಎಂದಿಟ್ಟುಕೊಳ್ಳಿ. 30,000 ಡಾಂಗ್ ಅಂದರೆ 100 ರೂಪಾಯಿ. 3,00,000 ಅಂದರೆ 1,000. ಬೆಲೆಯ ಕೊನೆಯ ಮೂರು ಸೊನ್ನೆ ಬಿಟ್ಟು, ಉಳಿದದ್ದನ್ನು ಮೂರರಿಂದ ಭಾಗಿಸಿ, ಒಂದು ಸೊನ್ನೆ ಸೇರಿಸಿದರೆ ರೂಪಾಯಿ ಸಿಗುತ್ತದೆ. 45,000ದ ಫೋ (ಅಕ್ಕಿ ನೂಡಲ್ಸಿನ ಸೂಪು) ಬಟ್ಟಲು: 45ನ್ನು ಮೂರರಿಂದ ಭಾಗಿಸಿದರೆ 15, ಸೊನ್ನೆ ಸೇರಿಸಿದರೆ 150 ರೂಪಾಯಿ. ಹೊರಡುವ ಮೊದಲು ಮನೆಮಂದಿಯೆಲ್ಲ ಕೂತು ಇಪ್ಪತ್ತು ಮೂವತ್ತು ಬೆಲೆಗಳನ್ನು ಹೀಗೆ ಹೇಳಿ ನೋಡಿ. ನಮ್ಮನೆಯಲ್ಲಿ ಅಮ್ಮ ಎರಡನೇ ದಿನಕ್ಕೆ ನನಗಿಂತ ಬೇಗ ಲೆಕ್ಕ ಹೇಳತೊಡಗಿದ್ದರು.

ಇಷ್ಟೊಂದು ಸೊನ್ನೆ ಯಾಕೆ? 1985ರ ಸೆಪ್ಟೆಂಬರಿನಲ್ಲಿ ಸರ್ಕಾರ 10 ಹಳೇ ಡಾಂಗ್‌ಗೆ 1 ಹೊಸ ಡಾಂಗ್ ಎಂದು ನಾಣ್ಯವನ್ನೇ ಬದಲಿಸಿತು. ಅದು ಕೈಕೊಟ್ಟು, ಮರುವರ್ಷ ಹಣದುಬ್ಬರ ಶೇ. 700 ದಾಟಿತು. ಅದೇ 1986ರಲ್ಲಿ 'ದೋಯ್ ಮೋಯ್' ಎಂಬ ಆರ್ಥಿಕ ಸುಧಾರಣೆ ಶುರುವಾಗಿ ದೇಶ ಚೇತರಿಸಿಕೊಂಡಿತು, ಸೊನ್ನೆಗಳು ಮಾತ್ರ ಉಳಿದುಬಿಟ್ಟವು.

ಅಲ್ಲಿ ಬೆಲೆ ಬರೆಯುವ ರೀತಿಯೂ ನಮಗೆ ಹೊಸದು. ನಾವು ಅಲ್ಪವಿರಾಮ ಹಾಕುವ ಕಡೆ ಅವರು ಚುಕ್ಕೆ ಇಡುತ್ತಾರೆ. 50.000 ಎಂದಿದ್ದರೆ ಐವತ್ತು ಅಲ್ಲ, ಐವತ್ತು ಸಾವಿರ. ಹೋಟೆಲಿನ ಬೋರ್ಡಿನಲ್ಲಿ ಬರೀ 50ರ ಮುಂದೆ 'ಕೆ' ಅಕ್ಷರ ಇರಬಹುದು. ಬೀದಿಯಲ್ಲಿ ಕೇಳಿದರೆ ಸಾವಿರವನ್ನು ನುಂಗಿ ಬರೀ ಐವತ್ತು ಎನ್ನುತ್ತಾರೆ. ಲಕ್ಷ ಎಂಬ ಮಾತು ಅವರಲ್ಲಿಲ್ಲ. 'ಚ್ಯಿಯೂ' ಎಂದರೆ ಮಿಲಿಯನ್, ನಮ್ಮ ಹತ್ತು ಲಕ್ಷ. ರೂಮಿಗೆ ಒಂದೂಕಾಲು ಮಿಲಿಯನ್ ಎಂದರೆ ಹೌಹಾರಬೇಡಿ, ಅದು ನಾಲ್ಕು ಸಾವಿರದ ಚಿಲ್ಲರೆ ರೂಪಾಯಿ.

ನೋಟುಗಳು

10,000ದಿಂದ 5,00,000ದವರೆಗಿನ ಆರು ನೋಟುಗಳು ಪಾಲಿಮರಿನವು, ಒದ್ದೆಯಾದರೂ ಹಾಳಾಗುವುದಿಲ್ಲ. ಎಲ್ಲದರ ಮೇಲೂ ಸ್ವಾತಂತ್ರ್ಯ ಹೋರಾಟದ ನಾಯಕ ಹೊ ಚಿ ಮಿನ್ ಅವರದೇ ಮುಖ. ಹಾಗಾಗಿ ಮುಖ ನೋಡಿ ಗುರುತಿಸಲು ಆಗುವುದಿಲ್ಲ, ಹಿಂಬದಿಯ ಚಿತ್ರ ನೋಡಿ. 20,000ದ ಹಿಂದೆ ಹೋಯ್ ಆನ್ ಊರಿನ, ಮೇಲೆ ಚಾವಣಿ ಇರುವ ಜಪಾನೀ ಸೇತುವೆ. 50,000ದಲ್ಲಿ ಹ್ವೇ ನಗರ. 1,00,000ದಲ್ಲಿ ಹನೋಯಿಯ ಸಾಹಿತ್ಯ ದೇಗುಲ, 2,00,000ದಲ್ಲಿ ಹಾ ಲಾಂಗ್ ಕೊಲ್ಲಿಯ ಬಂಡೆಗಳು. 5,00,000ದಲ್ಲಿ ಹೊ ಚಿ ಮಿನ್ ಅವರ ಹುಟ್ಟೂರಿನ ಹುಲ್ಲು ಹೊದಿಸಿದ ಮನೆ. 1,000, 2,000, 5,000ದವು ಹಳೆಯ ಕಾಗದದ ಚಿಕ್ಕ ನೋಟುಗಳು.

ತೊಂದರೆ ಕೊಡುವುದು ಎರಡು ನೀಲಿಗಳು: 20,000 ಮತ್ತು 5,00,000. ಸಂಜೆಯ ಮಬ್ಬಿನಲ್ಲಿ, ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ. ಉಪಾಯ ಸರಳ: 5,00,000ದ ನೋಟುಗಳು ಪರ್ಸಿನಲ್ಲಿ ಇರಲೇಬಾರದು. ಅವಕ್ಕೆ ಬೇರೆ ಲಕೋಟೆ, ಬೇರೆ ಜೇಬು. ಬೆಳಿಗ್ಗೆ ರೂಮಿನಿಂದ ಹೊರಡುವಾಗಲೇ ಒಂದನ್ನು ಹೋಟೆಲಿನ ಕೌಂಟರಿನಲ್ಲೋ ಸೂಪರ್ ಮಾರ್ಕೆಟ್ಟಿನಲ್ಲೋ ಮುರಿಸಿಕೊಂಡರೆ ದಿನವಿಡೀ ನೀಲಿ ಎಂದರೆ 20,000 ಎಂದೇ ಅರ್ಥ.

ಹೆಜ್ಜೆ 2: ಊರು ಬಿಡುವ ಮೊದಲು

ಭಾರತೀಯರಿಗೆ ವೀಸಾ ಬೇಕು. 2023ರ ಆಗಸ್ಟಿನಿಂದ 90 ದಿನದವರೆಗಿನ ಇ-ವೀಸಾ ಸಿಗುತ್ತಿದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲದ್ದಕ್ಕೆ 50 ಡಾಲರ್. ಹುಡುಕಿದಾಗ ಮೊದಲು ಸಿಗುವ ಜಾಲತಾಣಗಳಲ್ಲಿ ಎಷ್ಟೋ ಏಜೆಂಟರವು, ಅವರು ಎರಡು ಮೂರು ಪಟ್ಟು ಕೀಳುತ್ತಾರೆ. ವಿಳಾಸ 'ಗವ್ ಡಾಟ್ ವಿಎನ್' ಎಂದು ಮುಗಿಯುತ್ತದೆಯೇ ನೋಡಿಕೊಳ್ಳಿ. ಅರ್ಜಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ, ಇನಿಷಿಯಲ್ ಬಿಡಿಸಿದ್ದರೆ ಬಿಡಿಸಿದ ಹಾಗೆಯೇ ಇರಲಿ. ತಂದೆಯ ಹೆಸರು, ಊರಿನ ಹೆಸರು ಸೇರಿಸಿಕೊಳ್ಳುವ ನಮ್ಮ ಕಡೆಯವರಿಗೆ ಇಲ್ಲಿಯೇ ಎಡವಟ್ಟಾಗುವುದು. ಫು ಕೋಕ್ ದ್ವೀಪಕ್ಕೆ ಮಾತ್ರ ನೇರವಾಗಿ ಹೋಗಿ ಬರುವವರಿಗೆ 30 ದಿನ ವೀಸಾ ಬೇಡ.

ಈಗ ದುಡ್ಡು. ರೂಪಾಯಿ ನೋಟು ಹೊತ್ತುಕೊಂಡು ಹೋಗಿ ಅಲ್ಲಿ ಬದಲಿಸುವ ಯೋಚನೆ ಬಿಡಿ. ತೆಗೆದುಕೊಳ್ಳುವವರು ಕಡಿಮೆ, ತೆಗೆದುಕೊಂಡರೂ ದರ ತುಂಬ ಕಳಪೆ. ಇಲ್ಲಿಂದ ಡಾಲರ್ ಒಯ್ದು ಅಲ್ಲಿ ಡಾಂಗ್ ಮಾಡಿಸುವುದೇ ಸರಿ. ಒಂದು ಪ್ರವಾಸಕ್ಕೆ ನಗದಾಗಿ 3,000 ಡಾಲರಿನವರೆಗೆ ಒಯ್ಯಲು ರಿಸರ್ವ್ ಬ್ಯಾಂಕ್ ನಿಯಮ ಬಿಡುತ್ತದೆ. ಭಾರತದ ನೋಟು ಹೊರಗೆ ಒಯ್ಯುವ ಮಿತಿ 25,000 ರೂಪಾಯಿ. ಫಾರೆಕ್ಸ್ ಅಂಗಡಿಗೆ 50,000 ರೂಪಾಯಿಗಿಂತ ಹೆಚ್ಚು ಕೊಡುವುದಿದ್ದರೆ ನಗದು ನಡೆಯುವುದಿಲ್ಲ, ಬ್ಯಾಂಕಿನ ಮೂಲಕವೇ ಕೊಡಬೇಕು. ಆ ಕಡೆ ಇಳಿದಾಗ 5,000 ಡಾಲರಿಗಿಂತ ಅಥವಾ ಒಂದೂವರೆ ಕೋಟಿ ಡಾಂಗ್‌ಗಿಂತ ಹೆಚ್ಚಿದ್ದರೆ ಕಸ್ಟಮ್ಸ್‌ನಲ್ಲಿ ಘೋಷಿಸಬೇಕು. ಕುಟುಂಬದ ಪ್ರವಾಸಕ್ಕೆ ಆ ಮಿತಿ ಮುಟ್ಟುವ ಸಂದರ್ಭವೇ ಬರುವುದಿಲ್ಲ.

ಬೆಂಗಳೂರಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಮೂರು ಕಡೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿ: "ಎಲ್ಲ ಸೇರಿ, ಜಿಎಸ್‌ಟಿ ಸೇರಿ, 500 ಡಾಲರಿಗೆ ನಾನು ಎಷ್ಟು ರೂಪಾಯಿ ಕೊಡಬೇಕು?" ಬರೀ 'ರೇಟ್ ಎಷ್ಟು' ಎಂದು ಕೇಳಿದರೆ ರೇಟ್ ಚೆನ್ನಾಗಿ ಹೇಳಿ ಸೇವಾ ಶುಲ್ಕವನ್ನು ಬಿಲ್ಲಿನಲ್ಲಿ ಸೇರಿಸುವವರೂ ಇದ್ದಾರೆ. ವಿಮಾನ ನಿಲ್ದಾಣದ ಕೌಂಟರಿಗೆ ಇದನ್ನು ಬಿಡಬೇಡಿ, ಅಲ್ಲಿ ದರ ಹೆಚ್ಚೂಕಡಿಮೆ ಯಾವಾಗಲೂ ದುಬಾರಿ. 100 ಡಾಲರಿನ ನೋಟುಗಳನ್ನೇ ಕೇಳಿ. ಮಡಿಕೆ, ಪೆನ್ನಿನ ಗೀಟು, ಸೀಲು, ಹರಿದ ಅಂಚು ಇರಬಾರದು. ವಿಯೆಟ್ನಾಂನಲ್ಲಿ ಚಿಕ್ಕ ನೋಟಿಗೆ, ಮಾಸಿದ ನೋಟಿಗೆ ದರ ಇಳಿಸುತ್ತಾರೆ, ಕೆಲವೊಮ್ಮೆ ತೆಗೆದುಕೊಳ್ಳುವುದೇ ಇಲ್ಲ.

ಕಾರ್ಡುಗಳ ವಿದೇಶಿ ಬಳಕೆಯನ್ನು ಬ್ಯಾಂಕಿನ ಆ್ಯಪಿನಲ್ಲಿ ನೀವೇ ತೆರೆಯಬೇಕು. 2020ರಿಂದ ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಅದು ಮೊದಲಿಗೆ ಮುಚ್ಚಿಯೇ ಇರುತ್ತದೆ. ಎಟಿಎಂಗೊಂದು, ಅಂಗಡಿಗೊಂದು ಮಿತಿ ಹಾಕಿಡಿ. ಅಲ್ಲಿನ ಬೀದಿ ಅಂಗಡಿಗಳಲ್ಲೆಲ್ಲ ಕ್ಯೂಆರ್ ಹಾಳೆ ಕಾಣುತ್ತದೆ, ನಮ್ಮ ಊರಿನ ಹಾಗೆಯೇ. ಆದರೆ ಅದು ವಿಯೆಟ್ನಾಂನ ಬ್ಯಾಂಕ್ ಖಾತೆ ಇರುವವರಿಗಾಗಿ ಮಾಡಿದ್ದು. ಯುಪಿಐ ನಂಬಿಕೊಂಡು ಬರಿಗೈಲಿ ಹೋಗಬೇಡಿ.

ಹೆಜ್ಜೆ 3: ನಿಮ್ಮ ನಿಜವಾದ ದರ ಯಾವುದು?

ಮೊಬೈಲು ತೋರಿಸುವ ದರ ಯಾರಿಗೂ ಸಿಗುವುದಿಲ್ಲ. ನಿಮಗೆ ಸಿಕ್ಕ ದರ ತಿಳಿಯಲು ಕೈಗೆ ಬಂದ ಡಾಂಗನ್ನು ಕೈಬಿಟ್ಟ ಒಟ್ಟು ರೂಪಾಯಿಯಿಂದ ಭಾಗಿಸಿ. ಕೆಳಗಿನದು ಉದಾಹರಣೆಯ ಲೆಕ್ಕ, ನಿಮ್ಮ ಬ್ಯಾಂಕಿನ ಅಂಕಿ ಹಾಕಿ ಮತ್ತೆ ಮಾಡಿ ನೋಡಿ.

ಮೊದಲು ಡಾಲರ್ ದಾರಿ. ಎಲ್ಲ ಸೇರಿ 45,500 ರೂಪಾಯಿಗೆ 500 ಡಾಲರ್ ಕೊಂಡಿರಿ ಎನ್ನೋಣ, ಡಾಲರಿಗೆ 91 ಬಿತ್ತು. ಹನೋಯಿಯಲ್ಲಿ ಅದಕ್ಕೆ 26,000ದಂತೆ 1 ಕೋಟಿ 30 ಲಕ್ಷ ಡಾಂಗ್ ಸಿಕ್ಕಿತು. ಭಾಗಿಸಿದರೆ ರೂಪಾಯಿಗೆ 286 ಡಾಂಗ್. 295ರ ಎದುರು ಸುಮಾರು ಶೇ. 3 ಕಳೆದುಕೊಂಡಿರಿ, ಪರವಾಗಿಲ್ಲ.

ಇನ್ನು ಮಾಮೂಲಿ ಡೆಬಿಟ್ ಕಾರ್ಡಿನಲ್ಲಿ ಎಟಿಎಂ ದಾರಿ. 30 ಲಕ್ಷ ಡಾಂಗ್ ತೆಗೆದಿರಿ. ಅಲ್ಲಿನ ಎಟಿಎಂ ಶುಲ್ಕ 50,000 ಡಾಂಗ್ ಎಂದಿಟ್ಟುಕೊಳ್ಳಿ. ಒಟ್ಟು 30,50,000. ಇದನ್ನು 295ರಿಂದ ಭಾಗಿಸಿದರೆ 10,339 ರೂಪಾಯಿ. ಅದರ ಮೇಲೆ ನಿಮ್ಮ ಬ್ಯಾಂಕಿನ ವಿದೇಶಿ ಮಾರ್ಕಪ್ (ಹೊರದೇಶದ ಬಳಕೆಗೆ ಹಾಕುವ ಹೆಚ್ಚುವರಿ ಶುಲ್ಕ) ಶೇ. 3.5, ಮಾರ್ಕಪ್ಪಿನ ಮೇಲೆ ಶೇ. 18 ಜಿಎಸ್‌ಟಿ. ಎರಡೂ ಸೇರಿ ಶೇ. 4.13. ಅಲ್ಲಿಗೆ 10,766. ವಿದೇಶಿ ಎಟಿಎಂ ಬಳಸಿದ್ದಕ್ಕೆ 150 ಮತ್ತು ಜಿಎಸ್‌ಟಿ, 177 ರೂಪಾಯಿ. ಖಾತೆಯಿಂದ ಹೋದದ್ದು 10,943. ನಿಮ್ಮ ದರ 274ಕ್ಕೆ ಇಳಿಯಿತು.

ಇದೇ ಕಾರ್ಡಿನಲ್ಲಿ 'ಸ್ವಲ್ಪ ಸ್ವಲ್ಪ ತೆಗೆಯೋಣ' ಎಂದು 10 ಲಕ್ಷದಂತೆ ಮೂರು ಸಲ ತೆಗೆದರೆ ಪ್ರತಿ ಸಲವೂ ಅದೇ 50,000 ಡಾಂಗ್, ಅದೇ 177 ರೂಪಾಯಿ. ಆಗ ದರ 257ರ ಹತ್ತಿರ. ನೂರಕ್ಕೆ ಹದಿಮೂರು ರೂಪಾಯಿ ಸುಮ್ಮನೆ ಹೋಯಿತು. ಹುಷಾರಿನಿಂದ ಇರೋಣ ಎಂದು ಸಣ್ಣ ಮೊತ್ತ ತೆಗೆಯುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ ಎನ್ನುವುದು ನನಗೆ ಬೇಸರ ತರಿಸುವ ಸಂಗತಿ. ಅಪ್ಪ ಅಮ್ಮನ ವಯಸ್ಸಿನವರು ಮಾಡುವುದು ಹೀಗೆಯೇ.

ಮಾರ್ಕಪ್ ಇಲ್ಲದ ಕಾರ್ಡು ಇದ್ದು, ಬ್ಯಾಂಕು ಎಟಿಎಂ ಶುಲ್ಕವನ್ನೂ ಹಾಕದಿದ್ದರೆ 30 ಲಕ್ಷಕ್ಕೆ 10,339 ರೂಪಾಯಿಯೇ ಕೊನೆ. ದರ 290. ಡಾಲರ್ ದಾರಿಗಿಂತಲೂ ಮೇಲು. ಹೀಗಾಗಿ ನಾನು ಹೇಳುವುದು: ಅಂಥ ಕಾರ್ಡೊಂದು ಮನೆಯಲ್ಲಿ ಇದ್ದರೆ ಅದೇ ಮುಖ್ಯ, 200-300 ಡಾಲರ್ ನಗದು ಬೆನ್ನಿಗಿರಲಿ. ಇಲ್ಲದಿದ್ದರೆ ಡಾಲರ್ ಮುಖ್ಯ, ಕಾರ್ಡು ತುರ್ತಿಗೆ.

ಎಟಿಎಂ ಪರದೆ ಅಥವಾ ಅಂಗಡಿಯ ಯಂತ್ರ "ರೂಪಾಯಿಯಲ್ಲಿ ಕತ್ತರಿಸಲೇ, ಡಾಂಗ್‌ನಲ್ಲೇ?" ಎಂದು ಕೇಳಿದರೆ ಯಾವಾಗಲೂ ಡಾಂಗ್ ಒತ್ತಿ. ರೂಪಾಯಿ ಕಂಡ ಕೂಡಲೇ ನಮ್ಮದು ಎಂಬ ಸಮಾಧಾನ ಆಗುತ್ತದೆ, ಆದರೆ ಆ ದರ ಅಲ್ಲಿಯ ಯಂತ್ರದವರು ಹಾಕಿದ್ದು, ತಮ್ಮ ಲಾಭ ಸೇರಿಸಿಯೇ ಹಾಕಿದ್ದು.

ಹೆಜ್ಜೆ 4: ಇಳಿದ ಮೇಲೆ ಮೊದಲ ಎರಡು ಗಂಟೆ

ವಿಮಾನ ನಿಲ್ದಾಣದಲ್ಲಿ ಎಲ್ಲವನ್ನೂ ಬದಲಿಸಬೇಡಿ. ಊರೊಳಗೆ ಹೋಗುವಷ್ಟು, ಒಂದು ಊಟದಷ್ಟು, 100 ಡಾಲರ್ ಸಾಕು. ವಿಯೆಟ್ನಾಂ ನಿಲ್ದಾಣದ ಬ್ಯಾಂಕ್ ಕೌಂಟರುಗಳ ದರ ಬೇರೆ ದೇಶಗಳಷ್ಟು ಕೆಟ್ಟದಾಗಿರುವುದಿಲ್ಲ, ಆದರೂ ಅಕ್ಕಪಕ್ಕದ ನಾಲ್ಕು ಬೋರ್ಡು ನೋಡಿ. 'ಬೈ' ಎಂಬ ಕಾಲಮ್ಮಿನ ಅಂಕಿಯೇ ನಿಮಗೆ ಸಂಬಂಧಿಸಿದ್ದು, ಅವರು ನಿಮ್ಮ ಡಾಲರನ್ನು ಕೊಳ್ಳುವ ದರ ಅದು. ಒಂದು ಕಡೆ 26,000, ಇನ್ನೊಂದು ಕಡೆ 25,600 ಇದ್ದರೆ 300 ಡಾಲರಿಗೆ 1,20,000 ಡಾಂಗ್ ವ್ಯತ್ಯಾಸ. ಅದು ಇಬ್ಬರ ಒಂದು ಹೊತ್ತಿನ ಊಟ. ಕೊಟ್ಟ ದುಡ್ಡನ್ನು ಕೌಂಟರಿನ ಮುಂದೆಯೇ ನಿಂತು ಎಣಿಸಿ, ಹಿಂದಿನವರು ಕಾಯಲಿ. ರಸೀದಿ ಕೇಳಿ ಇಟ್ಟುಕೊಳ್ಳಿ, ಕೊನೆಯ ದಿನ ಬೇಕಾಗಬಹುದು.

ಉಳಿದ ಡಾಲರನ್ನು ಊರೊಳಗಿನ ಬ್ಯಾಂಕಿನಲ್ಲಿ ಅಥವಾ ಪರವಾನಗಿ ಇರುವ ವಿನಿಮಯ ಕೇಂದ್ರದಲ್ಲಿ ಬದಲಿಸಿ, ಪಾಸ್‌ಪೋರ್ಟ್ ಜೊತೆಗಿರಲಿ. ಚಿನ್ನದ ಅಂಗಡಿಗಳಲ್ಲಿ ದರ ಚೆನ್ನಾಗಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನಿಜವೂ ಹೌದು. ಆದರೆ ಎಲ್ಲ ಚಿನ್ನದಂಗಡಿಗೂ ಪರವಾನಗಿ ಇರುವುದಿಲ್ಲ. 2018ರಲ್ಲಿ ಕಾಂಥೋ ನಗರದಲ್ಲಿ ಪರವಾನಗಿ ಇಲ್ಲದ ಅಂಗಡಿಯಲ್ಲಿ 100 ಡಾಲರ್ ಬದಲಿಸಿದ ಸ್ಥಳೀಯ ಎಲೆಕ್ಟ್ರಿಷಿಯನ್ ಒಬ್ಬರಿಗೆ 9 ಕೋಟಿ ಡಾಂಗ್ ದಂಡ ಬಿದ್ದು ದೇಶವೆಲ್ಲ ಮಾತಾಡಿಕೊಂಡಿತ್ತು. ಆಮೇಲೆ ಅದನ್ನು ಮನ್ನಾ ಮಾಡಿದರು. ನಾಲ್ಕು ನೂರು ರೂಪಾಯಿ ಉಳಿಸಲು ಅಂಥ ತಲೆನೋವು ಬೇಡ.

ಸಿಮ್ ಅಥವಾ ಇ-ಸಿಮ್ ನಿಲ್ದಾಣದಲ್ಲೇ ಸಿಗುತ್ತದೆ, 1,50,000ದಿಂದ 3,00,000 ಡಾಂಗ್‌ವರೆಗೆ. ಇ-ಸಿಮ್ಮನ್ನು ಊರಿನಲ್ಲೇ ಕೊಂಡರೆ ಇನ್ನೂ ಕಡಿಮೆಗೆ ಆದೀತು.

ಹೆಜ್ಜೆ 5: ಓಡಾಟ

ಕಾರು, ಬೈಕು ಕರೆಸುವ ಗ್ರ್ಯಾಬ್ ಆ್ಯಪನ್ನು ಮನೆಯಲ್ಲಿರುವಾಗಲೇ ಹಾಕಿ, ಒಟಿಪಿ ಬರುವ ನಮ್ಮ ಸಿಮ್‌ನಲ್ಲೇ ನೋಂದಣಿ ಮುಗಿಸಿ. ಊಬರ್ ಅಲ್ಲಿ 2018ರಲ್ಲೇ ಬಾಗಿಲು ಹಾಕಿತು. ಹೊ ಚಿ ಮಿನ್ ನಗರದ ತಾನ್ ಸೋನ್ ನ್ಯಾತ್ ನಿಲ್ದಾಣದಿಂದ ನಡುಪೇಟೆ ಏಳೆಂಟು ಕಿಲೋಮೀಟರ್, ಕಾರಿಗೆ 1,00,000ದಿಂದ 1,80,000. ಹನೋಯಿಯ ನೋಯ್ ಬಾಯ್ ನಿಲ್ದಾಣ ದೂರ, 27-30 ಕಿಲೋಮೀಟರ್, ಹಳೇ ಪೇಟೆಗೆ 2,50,000ದಿಂದ 3,50,000. ಅಲ್ಲಿಂದ 86ನೇ ನಂಬರಿನ ಬಸ್ಸು ನಗರದ ರೈಲು ನಿಲ್ದಾಣದವರೆಗೆ ಹೋಗುತ್ತದೆ. ಲಗೇಜು ಕಡಿಮೆ ಇದ್ದರೆ ಅದೇ ಸಾಕು. ಊರೊಳಗೆ ಐದು ಕಿಲೋಮೀಟರಿಗೆ ಬೈಕಾದರೆ 25,000-35,000, ಕಾರಾದರೆ 60,000-90,000.

ಬೀದಿಯಲ್ಲಿ ಟ್ಯಾಕ್ಸಿ ಹಿಡಿದರೆ ಮೀಟರಿನಲ್ಲಿ 42.5 ಎಂಬಂಥ ಅಂಕಿ ಕಾಣುತ್ತದೆ. ಅದು 42,500. ಇದು ಗೊತ್ತಿಲ್ಲದೆ 4,25,000 ಕೊಟ್ಟವರನ್ನು ನಾನು ಬಲ್ಲೆ. ಕೊಡುವ ನೋಟನ್ನು ಬಾಯಲ್ಲಿ ಹೇಳಿ ಕೊಡಿ. ಯಾವ ಭಾಷೆಯಲ್ಲಿ ಹೇಳಿದರೂ ಸರಿ, ಹೇಳುವಾಗ ನಿಮ್ಮ ಕಣ್ಣೇ ಒಮ್ಮೆ ಅಂಕಿಯ ಮೇಲೆ ಹೋಗುತ್ತದೆ.

ಹೊ ಚಿ ಮಿನ್ ನಗರದ ಮೊದಲ ಮೆಟ್ರೊ ಮಾರ್ಗ 2024ರ ಡಿಸೆಂಬರ್ 22ಕ್ಕೆ ಶುರುವಾಯಿತು. ಬೆನ್ ಥಾನ್ ಮಾರುಕಟ್ಟೆಯಿಂದ ಸುಓಯ್ ತ್ಯೆನ್‌ವರೆಗೆ 19.7 ಕಿಲೋಮೀಟರ್, 14 ನಿಲ್ದಾಣ. ಶುರುವಾದಾಗ ಟಿಕೆಟ್ 6,000ದಿಂದ 20,000, ದಿನದ ಪಾಸು 40,000. ಸೆಕೆಯಲ್ಲಿ ಬಳಲಿದವರಿಗೆ ಇದೊಂದು ತಂಪಾದ ವಿಹಾರವೂ ಹೌದು. 2025ರ ಜುಲೈನಿಂದ ಆಡಳಿತದ ಜಿಲ್ಲೆಗಳನ್ನು ರದ್ದು ಮಾಡಿದ್ದಾರೆ. ಹಾಗಾಗಿ ಹೋಟೆಲಿನ ವಿಳಾಸ ಹೊಸ ರೀತಿಯಲ್ಲಿದ್ದು ಜನ ಮಾತ್ರ 'ಡಿಸ್ಟ್ರಿಕ್ಟ್ ಒನ್' ಎಂದು ನಡುಪೇಟೆಯ ಹಳೇ ಹೆಸರನ್ನೇ ಹೇಳುತ್ತಿದ್ದರೆ ಗಾಬರಿಯಾಗಬೇಡಿ.

ಊರಿಂದ ಊರಿಗೆ ಮಲಗುವ ಬಸ್ಸುಗಳಿವೆ, ಹನೋಯಿಯಿಂದ ಬೆಟ್ಟದ ಊರು ಸಾಪಾಗೆ 3,00,000-4,50,000. ಆದರೆ ಒಂದು ಪ್ರಯಾಣವನ್ನಾದರೂ ರೈಲಿನಲ್ಲಿ ಮಾಡಿ. ಹನೋಯಿ ಮತ್ತು ಸೈಗಾನ್ (ಹೊ ಚಿ ಮಿನ್ ನಗರದ ಹಳೇ ಹೆಸರು) ನಡುವಿನ 1,726 ಕಿಲೋಮೀಟರ್ ಹಳಿಯಲ್ಲಿ ಹ್ವೇ ಮತ್ತು ದಾ ನಾಂಗ್ ನಡುವಿನ ತುಂಡು ಹಾಯ್ ವಾನ್ ಘಾಟಿಯ ಅಂಚಿನಲ್ಲೇ ಸಾಗುತ್ತದೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಕೆಳಗೆ ಸಮುದ್ರ. 2024ರ ಮಾರ್ಚಿನಲ್ಲಿ ಈ ತುಂಡಿಗೇ ಪ್ರವಾಸಿಗಳ ರೈಲು ಬಿಟ್ಟರು, 1,50,000 ಡಾಂಗ್. ಐನೂರು ರೂಪಾಯಿಗೆ ಅಷ್ಟು ಹೊತ್ತು ಕಿಟಕಿಯಿಂದ ಮುಖ ತೆಗೆಯದೆ ಕೂತದ್ದು ನನಗೆ ಬೇರೆಲ್ಲೂ ನೆನಪಿಲ್ಲ. ದಾ ನಾಂಗ್ ಕಡೆಗೆ ಹೋಗುವಾಗ ಎಡಗಡೆ ಸೀಟು ಕೇಳಿ, ಸಮುದ್ರ ಆ ಕಡೆಗೆ.

ಬಾಡಿಗೆ ಬೈಕು ದಿನಕ್ಕೆ 1,20,000-2,00,000ಕ್ಕೆ ಸಿಗುತ್ತದೆ, ಬಾಡಿಗೆ ಕೊಡುವವರು ಲೈಸೆನ್ಸ್ ಕೇಳುವುದು ಕಡಿಮೆ. ದಯವಿಟ್ಟು ಈ ಆಸೆಗೆ ಬೀಳಬೇಡಿ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ 1949ರ ಜಿನೀವಾ ಒಪ್ಪಂದದ ಪ್ರಕಾರದ್ದು. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಅಂದರೆ ಅಲ್ಲಿ ನೀವು ಲೈಸೆನ್ಸ್ ಇಲ್ಲದ ಸವಾರರು. ಬಿದ್ದರೆ ವಿಮೆ ಸಿಗುವುದು ಅನುಮಾನ, ಇನ್ನೊಬ್ಬರಿಗೆ ಪೆಟ್ಟಾದರೆ ಪ್ರವಾಸದ ಖರ್ಚಿನ ಹತ್ತು ಪಟ್ಟು ಹೋದೀತು.

ಹೆಜ್ಜೆ 6: ಊಟ ತಿಂಡಿ, ಅದರಲ್ಲೂ ಸಸ್ಯಾಹಾರಿಗಳಿಗೆ

ಬೀದಿಬದಿಯ ಬಾನ್ ಮಿ ಬ್ರೆಡ್ಡು 20,000-35,000. ಫೋ ಬಟ್ಟಲು 40,000-70,000. ಮಂದ ಹಾಲು ಹಾಕಿದ ಐಸ್ ಕಾಫಿ 20,000-35,000. ಕಾಫಿ ವಿಷಯದಲ್ಲಿ ಚಿಕ್ಕಮಗಳೂರು, ಕೊಡಗಿನವರಿಗೆ ಒಂದು ಮಾತು: ಜಗತ್ತಿನಲ್ಲಿ ರೋಬಸ್ಟಾ ಅತಿ ಹೆಚ್ಚು ಬೆಳೆಯುವ ದೇಶ ಇದು. ಲೋಟದ ಮೇಲೆ ಪುಟ್ಟ ಫಿಲ್ಟರ್ ಕೂರಿಸಿ ಕೊಡುತ್ತಾರೆ. ಡಿಕಾಕ್ಷನ್ ತೊಟ್ಟಿಕ್ಕುವುದನ್ನು ಕಾಯುತ್ತ ಕೂರುವುದು ನಮಗೆ ಹೊಸದಲ್ಲ.

'ಚಾಯ್' ಎಂದರೆ ಅಲ್ಲಿ ಚಹಾ ಅಲ್ಲ, ಸಸ್ಯಾಹಾರ. 'ಕೋಮ್ ಚಾಯ್' ಎಂಬ ಬೋರ್ಡಿದ್ದರೆ ಅದು ಸಸ್ಯಾಹಾರಿ ಅನ್ನದ ಅಂಗಡಿ, ಬೌದ್ಧ ದೇವಾಲಯಗಳ ಸುತ್ತಮುತ್ತ ಹೆಚ್ಚು. ಗಾಜಿನ ಹಿಂದೆ ಎಂಟು ಹತ್ತು ಬಗೆಯ ಪಲ್ಯ, ತೋಫು ಇಟ್ಟಿರುತ್ತಾರೆ. ಬೆರಳು ತೋರಿಸಿದ್ದನ್ನು ಅನ್ನದ ಮೇಲೆ ಹಾಕಿ 30,000-50,000 ತೆಗೆದುಕೊಳ್ಳುತ್ತಾರೆ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ, ಅಲ್ಲಿ ಬಹಳ ಮಂದಿ ಮಾಂಸ ಬಿಡುತ್ತಾರೆ. ಆ ದಿನ ಮಾಮೂಲಿ ಅಂಗಡಿಗಳೂ ಚಾಯ್ ಊಟ ಮಾಡುತ್ತವೆ. ಹೊರಡುವ ಮೊದಲು ಪಂಚಾಂಗ ನೋಡಿಕೊಂಡರೆ ಒಳ್ಳೆಯದು, ನಮ್ಮಮ್ಮ ನೋಡಿಕೊಂಡೇ ಬಂದಿದ್ದರು.

ಎಚ್ಚರ ಬೇಕಾದದ್ದು 'ನುಅಕ್ ಮಾಮ್' ಬಗ್ಗೆ, ಅದು ಮೀನಿನ ಸಾರ. ಮಾಮೂಲಿ ಅಂಗಡಿಯಲ್ಲಿ "ಬರೀ ತರಕಾರಿ" ಎಂದರೆ ತರಕಾರಿಯೇ ಬರುತ್ತದೆ, ಅದರ ಜೊತೆಗೆ ಇದೂ ಬರುತ್ತದೆ. "ತೋಯ್ ಆನ್ ಚಾಯ್", ನಾನು ಸಸ್ಯಾಹಾರಿ, ಎಂದೇ ಹೇಳಿ. ಉಚ್ಚಾರ ತಪ್ಪಿದರೆ ಎಂದು ಫೋನಿನಲ್ಲಿ ಆ ಭಾಷೆಯಲ್ಲೇ ಬರೆಸಿಟ್ಟು ತೋರಿಸಿ. ಭಾರತೀಯ ಹೋಟೆಲುಗಳು ದೊಡ್ಡ ಊರುಗಳಲ್ಲಿ ಬೇಕಾದಷ್ಟಿವೆ, ಆದರೆ ಒಬ್ಬರಿಗೆ 2,00,000-4,00,000 ಆಗುತ್ತದೆ. ಮೂರು ಹೊತ್ತೂ ಅಲ್ಲೇ ತಿಂದರೆ ಅಗ್ಗದ ದೇಶ ಅಗ್ಗವಾಗಿ ಉಳಿಯುವುದಿಲ್ಲ.

ಬೆಲೆ ಬರೆಯದ ಕಡೆ ತಿನ್ನುವ ಮೊದಲೇ "ಬಾವ್ ನ್ಯಿಯೂ?", ಎಷ್ಟು, ಎಂದು ಕೇಳಿ. ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸುತ್ತಾರೆ. ಚೌಕಾಸಿ ಬಟ್ಟೆ, ಬ್ಯಾಗು, ನೆನಪಿನ ಕಾಣಿಕೆಗಳಿಗೆ ಇರಲಿ. 30,000ದ ಊಟಕ್ಕೆ ಚೌಕಾಸಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಟಿಪ್ಸ್ ಕೊಡುವ ರೂಢಿ ಅಲ್ಲಿ ಇಲ್ಲ, ಕೊಟ್ಟರೆ ಸಂತೋಷಪಡುತ್ತಾರೆ.

ಹೆಜ್ಜೆ 7: ಟಿಕೆಟ್ಟುಗಳು, ರೂಮು, ದಿನದ ಮೊತ್ತ

ಹೋಯ್ ಆನ್ ಹಳೇ ಊರಿನ ಟಿಕೆಟ್ ವಿದೇಶಿಯರಿಗೆ 1,20,000, ಹ್ವೇ ಅರಮನೆಗೆ 2,00,000, ಮಿ ಸೋನ್‌ಗೆ 1,50,000. ಮಿ ಸೋನ್ ಬಿಡಬೇಡಿ. ಹೋಯ್ ಆನ್‌ನಿಂದ 40 ಕಿಲೋಮೀಟರ್ ದೂರದ ಬೆಟ್ಟಗಳ ನಡುವೆ ಚಂಪಾ ದೊರೆಗಳು ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳಿವೆ. ನಾಲ್ಕನೇ ಶತಮಾನದಲ್ಲಿ ಭದ್ರವರ್ಮ ಎಂಬ ದೊರೆ ಸ್ಥಾಪಿಸಿದ ಲಿಂಗದ ಹೆಸರು ಭದ್ರೇಶ್ವರ, ಹಲವು ಶಾಸನಗಳು ಸಂಸ್ಕೃತದಲ್ಲಿ. ನಮ್ಮ ಪುರಾತತ್ವ ಇಲಾಖೆಯವರು 2017ರಿಂದ 2022ರವರೆಗೆ ಅಲ್ಲಿ ಜೀರ್ಣೋದ್ಧಾರ ಮಾಡಿದರು. 2020ರಲ್ಲಿ ಮಣ್ಣಿನಡಿ ಒಂದೇ ಕಲ್ಲಿನ ಶಿವಲಿಂಗವೂ ಸಿಕ್ಕಿತು. ಅಮ್ಮ ಅದರ ಮುಂದೆ ಬಹಳ ಹೊತ್ತು ಕೈಮುಗಿದು ನಿಂತಿದ್ದರು. ಏಜೆಂಟರ ಪ್ಯಾಕೇಜಿನಲ್ಲಿ ಹೋಗುವುದಾದರೆ ಪ್ರವೇಶ ಟಿಕೆಟ್ ಸೇರಿದೆಯೇ ಎಂದು ಮೊದಲೇ ಕೇಳಿ, ಸಾಮಾನ್ಯವಾಗಿ ಸೇರಿರುವುದಿಲ್ಲ.

ಹಾಸ್ಟೆಲಿನ ಹಾಸಿಗೆ 1,20,000-2,00,000, ಇಬ್ಬರ ಸಾಧಾರಣ ಏಸಿ ರೂಮು 3,00,000-6,00,000. ಒಬ್ಬಂಟಿ ಹುಡುಗ ಹುಡುಗಿಯರಿಗೆ ಹಾಸಿಗೆ 1,70,000, ಊಟ 2,00,000, ಓಡಾಟ 70,000, ಕಾಫಿ ನೀರು 60,000, ಒಟ್ಟು 5,00,000. ದಿನಕ್ಕೆ 1,700 ರೂಪಾಯಿ. ಗಂಡ ಹೆಂಡತಿ ಆರಾಮವಾಗಿ ಹೋಗುವುದಾದರೆ ರೂಮು 6,00,000, ಊಟ 5,00,000, ಕಾರು 2,50,000, ಟಿಕೆಟ್ 2,50,000, ಕಾಫಿ ಹಣ್ಣು ಚಿಲ್ಲರೆ 1,50,000. ಒಟ್ಟು 17,50,000, ಇಬ್ಬರಿಗೂ ಸೇರಿ ದಿನಕ್ಕೆ 6,000 ರೂಪಾಯಿಯ ಒಳಗೆ. ಹಾ ಲಾಂಗ್ ಕೊಲ್ಲಿಯ ದೋಣಿ ವಿಹಾರ, ಒಳನಾಡಿನ ವಿಮಾನ ಇವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಬೇರೆ ಬರೆಯಿರಿ. ಸೇರಿಸಿದರೆ ದಿನದ ಖರ್ಚು ಕೈಮೀರಿತೋ ಇಲ್ಲವೋ ತಿಳಿಯುವುದಿಲ್ಲ.

ಟೆಟ್ ಹಬ್ಬದ ವಾರ, ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಬರುವ ಅವರ ಹೊಸ ವರ್ಷ, ಈ ಬೆಲೆಗಳು ನಿಲ್ಲುವುದಿಲ್ಲ. ಬಸ್ಸು ರೈಲು ತುಂಬಿರುತ್ತವೆ, ಬ್ಯಾಂಕು ಮುಚ್ಚಿರುತ್ತವೆ, ಅಂಗಡಿಯವರು ಊರಿಗೆ ಹೋಗಿರುತ್ತಾರೆ. ಆಗ ಹೋಗಲೇಬೇಕಿದ್ದರೆ ಡಾಂಗ್ ಮುಂಚೆಯೇ ಮಾಡಿಸಿಡಿ. ಅಕ್ಟೋಬರ್, ನವೆಂಬರಿನಲ್ಲಿ ಮಧ್ಯ ವಿಯೆಟ್ನಾಂಗೆ ಮಳೆ, ಚಂಡಮಾರುತ. ಹೋಯ್ ಆನ್ ಬೀದಿಗಳಿಗೆ ನೀರು ನುಗ್ಗುವ ಕಾಲ ಅದು, ರೂಮು ಅಗ್ಗ ಎಂದು ಕಾಯ್ದಿರಿಸಬೇಡಿ.

ಹೆಜ್ಜೆ 8: ಕೊನೆಯ ಎರಡು ದಿನ

ಡಾಂಗನ್ನು ಬೆಂಗಳೂರಿಗೆ ತಂದರೆ ಕೊಳ್ಳುವವರು ಸಿಗುವುದು ಕಷ್ಟ, ಸಿಕ್ಕರೂ ದರ ನೋಡಿ ಮನಸ್ಸು ಮುರಿಯುತ್ತದೆ. ಹೊರಡುವ ಎರಡು ದಿನ ಮೊದಲು ಉಳಿದದ್ದನ್ನೆಲ್ಲ ಹಾಸಿಗೆಯ ಮೇಲೆ ಹರಡಿ ಎಣಿಸಿ. ಹೆಚ್ಚಿದ್ದರೆ ಹೋಟೆಲ್ ಬಿಲ್ಲನ್ನು ಕಾರ್ಡಿನ ಬದಲು ನಗದಿನಲ್ಲಿ ಕೊಡಿ, ಎಷ್ಟೋ ಕಡೆ ಕಾರ್ಡಿಗೆ ಶೇ. 3 ಹೆಚ್ಚು ಹಾಕುವುದರಿಂದ ಅದೂ ಉಳಿತಾಯವೇ. ಕಡಿಮೆ ಇದ್ದರೆ ಹೊಸದಾಗಿ ಎಟಿಎಂಗೆ ಹೋಗುವ ಬದಲು 50 ಡಾಲರ್ ಬದಲಿಸಿ. ದೊಡ್ಡ ಮೊತ್ತ ಉಳಿದೇ ಹೋದರೆ ಮೊದಲ ದಿನದ ರಸೀದಿ, ಪಾಸ್‌ಪೋರ್ಟ್, ವಿಮಾನದ ಟಿಕೆಟ್ ಹಿಡಿದು ನಿಲ್ದಾಣದ ಬ್ಯಾಂಕ್ ಕೌಂಟರಿನಲ್ಲಿ ಡಾಲರಿಗೆ ತಿರುಗಿಸಿ. ಭದ್ರತಾ ತಪಾಸಣೆ ದಾಟುವ ಮೊದಲೇ ಈ ಕೆಲಸ ಮುಗಿಸಿ, ಒಳಗೆ ಹೋದ ಮೇಲೆ ಕೌಂಟರ್ ತೆರೆದಿರುತ್ತದೆ ಎಂಬ ಖಾತ್ರಿ ಇಲ್ಲ. ಪರ್ಸಿನ ಮೂಲೆಯಲ್ಲಿ ಉಳಿಯುವ 1,000, 2,000ದ ಕಾಗದದ ನೋಟುಗಳನ್ನು ನಾವು ಹೋಟೆಲಿನ ಎದುರು ದಿನವೂ ಕಾಫಿ ಕೊಡುತ್ತಿದ್ದ ಅಜ್ಜಿಯ ಕೈಗಿಟ್ಟು ಬಂದೆವು. 20,000ದ ಒಂದು ನೀಲಿ ನೋಟನ್ನು ಮಾತ್ರ ಅಮ್ಮ ಮನೆಗೆ ತಂದಿದ್ದಾರೆ, ದೇವರ ಮನೆಯ ಡಬ್ಬಿಯಲ್ಲಿದೆ.